ಎರಡು ಮನಸ್ಸು ತಪ್ಪೇ?



ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿದ ಮಾತು ಬಂದರೆ, "ಬ್ಯಾಂಕು ದೊಡ್ಡದಾಯಿತು, ಒಳ್ಳೆಯದೇ, ಆದರೂ ನಮ್ಮದು ಹೋಯಿತಲ್ಲ" ಎನ್ನುವವರು ನಮ್ಮಲ್ಲಿದ್ದಾರೆ. ಇದು ಎರಡು ನಾಲಿಗೆಯ ಮಾತೇ? ಅಲ್ಲ.

ಯಾವುದೇ ವಿಷಯದ ಬಗ್ಗೆ ನಾವು ತಳೆಯುವ ಧೋರಣೆಯಲ್ಲಿ ತಿಳಿವಳಿಕೆ, ಭಾವನೆ, ರೂಢಿ ಎಂಬ ಮೂರು ಎಳೆಗಳನ್ನು ಮನಶ್ಶಾಸ್ತ್ರ ಗುರುತಿಸುತ್ತದೆ. ಮೂರೂ ಒಂದೇ ದಾರಿಯಲ್ಲಿ ಬೆಳೆಯುವುದಿಲ್ಲ.

1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಈ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಿತ್ತು. ಏಜೆಂಟರೇ ಮನೆಬಾಗಿಲಿಗೆ ಬರುತ್ತಿದ್ದರು. ಕಾಪುವಿನಲ್ಲಿ ಮೀನು ಮಾರುವಾಕೆಗಾಗಲಿ ಕಾರ್ಕಳದ ಸಣ್ಣ ಅಂಗಡಿಯವನಿಗಾಗಲಿ, ಹೀಗೆ ಉಳಿತಾಯ ಮಾಡಿದವರಿಗೆ ಬ್ಯಾಂಕೆಂದರೆ ಕಟ್ಟಡವಲ್ಲ, ದಿನವೂ ಕಾಣುವ ಮುಖ. ಪದೇ ಪದೇ ಕಂಡದ್ದರ ಮೇಲೆ ಬೇರೆ ಕಾರಣವಿಲ್ಲದೆಯೂ ಒಲವು ಬೆಳೆಯುತ್ತದೆಂದು ಅಮೆರಿಕದ ರಾಬರ್ಟ್ ಝಾಯನ್ಸ್ 1968ರಲ್ಲಿ ಪ್ರಯೋಗಗಳಿಂದ ತೋರಿಸಿದರು.

ಮಣಿಪಾಲದಲ್ಲಿ ಪ್ರಧಾನ ಕಚೇರಿಯಿದ್ದ ಈ ಬ್ಯಾಂಕು 2020ರ ಏಪ್ರಿಲ್ 1ರಂದು ವಿಲೀನವಾಯಿತು. ಅದಕ್ಕೆ ಕೊಟ್ಟ ಕಾರಣಗಳು ತಿಳಿವಳಿಕೆಗೆ ಮುಟ್ಟಿದವು. ಆದರೆ ರೂಢಿಯಿಂದ ಬಂದ ಒಲವು ವಾದದಿಂದ ಕರಗುವುದಿಲ್ಲ. ಹಾಗಾಗಿ ಒಪ್ಪಿಗೆಯೂ ನಿಜ, ಸಂಕಟವೂ ನಿಜ.

ಯಾವುದೇ ಬದಲಾವಣೆಯ ಬಗ್ಗೆ "ಬೇಕೋ, ಬೇಡವೋ?" ಎಂದಷ್ಟೇ ಕೇಳಿದರೆ ಅರ್ಧ ಮನಸ್ಸು ಮಾತ್ರ ಉತ್ತರಿಸುತ್ತದೆ. "ಯಾವುದು ಹಿತವಾಯಿತು, ಯಾವುದು ನೋಯಿಸಿತು?" ಎಂದು ಎರಡನ್ನೂ ಕೇಳಬೇಕು. ಆಗ, ಜನ ಕೊರಗುವುದು ಹೆಸರಿಗೋ, ಮನೆಬಾಗಿಲಿಗೆ ಬರುತ್ತಿದ್ದ ಸೇವೆಗೋ ಎಂಬುದು ತಿಳಿಯುತ್ತದೆ. ಹೋದ ಹೆಸರನ್ನು ಮರಳಿ ತರುವುದು ಕಷ್ಟ. ಸೇವೆಯನ್ನು ಉಳಿಸಿಕೊಳ್ಳಬಹುದು.