ಹಾಲುಹಲ್ಲು ಅಂತ ಬಿಡಬೇಡಿ



ಇವತ್ತು ಮಕ್ಕಳ ಹಲ್ಲಿನ ಮಾತು ಆಡೋಣ.

ನಮ್ಮ ಬೆಳಗೊಳದಲ್ಲಿ ಬೆಟ್ಟದ ಕೆಳಗೆ ಅಂಗಡಿಗಳಿವೆ. ಮಗು ಅತ್ತರೆ ಚಾಕಲೇಟು, ಪೆಪ್ಪರಮಿಂಟು ನಾವೇ ಕೊಡಿಸುತ್ತೇವೆ. ರಾತ್ರಿ ಅದೇ ಮಗು ಕೆನ್ನೆ ಹಿಡಿದುಕೊಂಡು ಅಳುತ್ತೆ. ಲವಂಗ ಇಡುತ್ತೇವೆ. ಬೆಳಿಗ್ಗೆ ರೊಟ್ಟಿ ಅಗಿಯೋಕಾಗಲ್ಲ, ಶಾಲೆಗೂ ಹೋಗಲ್ಲ.

"ಹಾಲುಹಲ್ಲು ತಾನೇ, ಬಿದ್ದುಹೋಗುತ್ತೆ ಬಿಡು" ಅಂತೀವಿ. ಹಾಲುಹಲ್ಲು ಒಟ್ಟು 20. ಹಿಂದಿನವು 10-12 ವರ್ಷದವರೆಗೂ ಇರಬೇಕು. ಬೇಗ ಹೋದರೆ ಹೊಸ ಹಲ್ಲು ಸೊಟ್ಟ ಬರಬಹುದು. ಇನ್ನೊಂದು ವಿಷಯ. ಸುಮಾರು 6 ವರ್ಷಕ್ಕೆ ದವಡೆಯ ಕೊನೆಯಲ್ಲಿ ಹೊಸ ಹಲ್ಲು ಬರುತ್ತೆ. ಯಾವ ಹಲ್ಲೂ ಬೀಳದೆ ಬರುತ್ತಲ್ಲ, ಅದಕ್ಕೆ ಅದನ್ನೂ ಹಾಲುಹಲ್ಲು ಅಂದುಕೊಳ್ಳುತ್ತೇವೆ. ಅಲ್ಲ. ಅದು ಮುಪ್ಪಿನ ತನಕ ಬೇಕಾದ ಹಲ್ಲು. ಹೋದರೆ ಮತ್ತೆ ಬರಲ್ಲ.

ಹುಳುಕು ಅಂತ ಹೆಸರು. ಆದರೆ ಅಲ್ಲಿ ಹುಳ ಇಲ್ಲ. ಹುಳ ತೆಗೆದು ತೋರಿಸುವವರನ್ನು ನಂಬಬೇಡಿ. ಕಣ್ಣಿಗೆ ಕಾಣದ ರೋಗಾಣು ಸಿಹಿ ತಿಂದು ಹುಳಿ ಬಿಡುತ್ತೆ. ಆ ಹುಳಿ ಹಲ್ಲನ್ನು ಕೊರೆಯುತ್ತೆ.

ಬೆಳಿಗ್ಗೆ ನಮಗೆ ಗಡಿಬಿಡಿ. ಹಾಲು ಕರೆಯಬೇಕು, ಡೇರಿಗೆ ಹಾಕಬೇಕು. ಮಗು ಹಲ್ಲುಜ್ಜಿತೋ ಇಲ್ಲವೋ ನೋಡೋರು ಯಾರು? ಅದಕ್ಕೇ ಶಾಲೆಯಲ್ಲಿ, ಅಂಗನವಾಡಿಯಲ್ಲಿ ಎಲ್ಲ ಮಕ್ಕಳಿಗೂ ಒಟ್ಟಿಗೆ ಉಜ್ಜಿಸಬೇಕು. ಸ್ಕಾಟ್ಲೆಂಡ್ ದೇಶದ ಶಿಶುವಿಹಾರಗಳಲ್ಲಿ ಮಕ್ಕಳು ದಿನಾ ಟೀಚರ ಮುಂದೆ ಹಲ್ಲುಜ್ಜುತ್ತಾರೆ. ಅಲ್ಲಿ ಹುಳುಕು ಕಡಿಮೆಯಾಯಿತು. ಸರ್ಕಾರಕ್ಕೆ ಚಿಕಿತ್ಸೆಯ ಖರ್ಚೂ ಉಳಿಯಿತು.

ನಮ್ಮ ಶಾಲೆಗಳಲ್ಲಿ ಬಿಸಿಯೂಟ ಇದೆ. 2013ರಿಂದ ಕ್ಷೀರಭಾಗ್ಯದ ಹಾಲೂ ಬಂತು. ಊಟ ಆದಮೇಲೆ ಮಕ್ಕಳು ತಟ್ಟೆ ತೊಳೆಯೋಕೆ ಸಾಲಾಗಿ ನಿಲ್ಲುತ್ತಾರೆ. ಅಲ್ಲೇ ಇನ್ನೆರಡು ನಿಮಿಷ ಸಾಕು. ನಲ್ಲಿ ಇಲ್ಲದಿದ್ದರೆ ಬಕೆಟ್ಟು, ಚೊಂಬು ಸಾಲದೇ?

ಫ್ಲೋರೈಡ್ ಇರುವ ಪೇಸ್ಟು ಬಟಾಣಿ ಕಾಳಿನಷ್ಟು ಹಾಕಿ. 3 ವರ್ಷದ ಒಳಗಿನ ಮಗುವಿಗೆ ಅಕ್ಕಿಕಾಳಿನಷ್ಟೇ. ನುಂಗಬಾರದು, ಉಗಿಯಬೇಕು. ಇದ್ದಿಲು, ಇಟ್ಟಿಗೆ ಪುಡಿ ಬೇಡವೇ ಬೇಡ, ಹಲ್ಲು ಸವೆಯುತ್ತೆ. ರಾತ್ರಿ ಮಲಗುವ ಮುಂಚೆ ಉಜ್ಜಿಸೋದು ಮಾತ್ರ ನಮ್ಮ ಕೆಲಸ. ಅದನ್ನು ಮೇಷ್ಟ್ರ ತಲೆಗೆ ಕಟ್ಟೋಕಾಗಲ್ಲ.

ಅಣ್ಣನ ಬ್ರಷ್ಷು ತಂಗಿಗೆ ಕೊಡಬಾರದು. ಒಬ್ಬೊಬ್ಬರಿಗೆ ಒಂದೊಂದು, ಅದರ ಮೇಲೆ ಹೆಸರು. ಹೆಸರು ಬರೆಯೋರು ಯಾರು ಅಂತೀರಾ? ನಾವೇ. ಸ್ಲೇಟಿನ ಮೇಲೆ ಮಗುವಿನ ಹೆಸರು ಬರೆದು ಕಲಿತಿದ್ದೇವಲ್ಲ!

ಶಾಲಾಭಿವೃದ್ಧಿ ಸಮಿತಿಯ ಸಭೆ ಯಾವತ್ತು ಅಂತ ಕೇಳಿ. ನಾಲ್ಕೈದು ಜನ ಸೇರಿ ಹೋಗೋಣ. ಬ್ರಷ್ಷಿನ ಖರ್ಚು ಯಾರದು, ಮಕ್ಕಳನ್ನು ನೋಡಿಕೊಳ್ಳೋರು ಯಾರು, ಅಲ್ಲೇ ಕೂತು ಮಾತಾಡೋಣ.