ರೇವಾ ಮತ್ತು ಥಾರ್: ಎರಡು ಗಾಡಿಗಳ ತುಲನೆ

(ಉಧ್ನಾದ ಉಚಿತ ವಾಚನಾಲಯದಲ್ಲಿ ಸೇವಕರೊಬ್ಬರು ಮಾಡಿದ ಭಾಷಣ)



ಗಿರಣಿಯ ಲೆಕ್ಕ ಬರೆಯುವ ನಾನು ಯಂತ್ರಶಾಸ್ತ್ರ ಓದಿದವನಲ್ಲ. ಆದರೂ ನಮ್ಮವರಲ್ಲಿ ಕೆಲವರು ಸಾಲ ಮಾಡಿ ಕಾರು ಕೊಳ್ಳುವ ಮಾತನ್ನಾಡುತ್ತಿರುವುದರಿಂದ, ಎರಡು ಗಾಡಿಗಳನ್ನು ತಕ್ಕಡಿಯಲ್ಲಿಟ್ಟು ನೋಡೋಣವೆಂದು ತಮ್ಮ ಮುಂದೆ ನಿಂತಿದ್ದೇನೆ.

ಮೊದಲನೆಯದು ನಮ್ಮ ಬೆಂಗಳೂರಿನ ರೇವಾ. ಚೇತನ್ ಮೈನಿಯವರ ಮುಂದಾಳುತನದಲ್ಲಿ ಸಿದ್ಧವಾದ ಈ ವಿದ್ಯುತ್ ಕಾರು 2001ರಲ್ಲಿ ಪೇಟೆಗೆ ಬಂತು. ಮುಂದೆ ಲಂಡನ್ನಿನ ಬೀದಿಗಳಲ್ಲಿಯೂ ಜಿ-ವಿಜ್ ಎಂಬ ಹೆಸರಿನಿಂದ ಓಡಿತು. ಎರಡನೆಯದು 2020ರಲ್ಲಿ ಹೊಸ ರೂಪ ತಳೆದು ಬಂದ ಮಹೀಂದ್ರ ಥಾರ್. ಸ್ವಾರಸ್ಯವೆಂದರೆ, ಜೀಪುಗಳಿಗೆ ಹೆಸರಾದ ಆ ಮಹೀಂದ್ರ ಸಂಸ್ಥೆಯೇ 2010ರಲ್ಲಿ ರೇವಾ ಕಂಪನಿಯ ಹೆಚ್ಚಿನ ಪಾಲನ್ನು ಕೊಂಡಿತು.

ರೇವಾದ ಮೋಟಾರು ನಮ್ಮ ಮಗ್ಗದ ಮೋಟಾರಿನ ಬಂಧು. ಗುಂಡಿ ಒತ್ತಿದೊಡನೆ ಪೂರ್ಣ ಬಲದಿಂದ ಎಳೆಯುತ್ತದೆ; ಹೊಗೆಯಿಲ್ಲ, ಗೇರಿನ ಗೊಡವೆಯಿಲ್ಲ. ಎಂಟು ಸೀಸದ ಬ್ಯಾಟರಿಗಳನ್ನು ತುಂಬಲು ಸುಮಾರು 10 ಯೂನಿಟ್ ವಿದ್ಯುತ್ತು ಸಾಕು. ಆದರೆ ಎಂಟು ಗಂಟೆ ಕಾಯಬೇಕು, ಓಟವೋ 80 ಕಿಲೋಮೀಟರು ಮಾತ್ರ. ಇಲ್ಲಿಂದ ನವಸಾರಿಗೆ ಹೋಗಿ ಬರಬಹುದು, ಊರಿಗೆ ಹೋಗಲಾಗದು. ಬ್ಯಾಟರಿ ಹಳತಾದಂತೆ ಆ ಓಟವೂ ಕುಗ್ಗುತ್ತದೆ. ಈಗ ರೇವಾ ತಯಾರಾಗುವುದಿಲ್ಲ. ಹಳೆಯದು ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವ ಮೊದಲು ಹೊಸ ಬ್ಯಾಟರಿಗಳ ಬೆಲೆಯನ್ನೂ, ಬಿಡಿಭಾಗ ಸಿಗುವುದೇ ಎಂಬುದನ್ನೂ ವಿಚಾರಿಸಬೇಕು.

ಇನ್ನು ಥಾರ್. ನಾಲ್ಕು ಚಕ್ರದ ಬಲವೆಂದರೆ ಸದಾಕಾಲ ನಾಲ್ಕೂ ಎಳೆಯುತ್ತವೆಂದು ಹಲವರ ಭಾವನೆ. ಹಾಗಲ್ಲ. ಗಟ್ಟಿ ರಸ್ತೆಯಲ್ಲಿ ಹಿಂದಿನ ಎರಡೇ ಚಕ್ರ ಎಳೆಯುತ್ತವೆ. ಕೆಸರು, ಮರಳು ಸಿಕ್ಕಾಗ ಸನ್ನೆಗೋಲು ತಳ್ಳಿ ಮುಂದಿನ ಎರಡನ್ನೂ ಜೋಡಿಸಬೇಕು. ಒಣ ರಸ್ತೆಯಲ್ಲಿ ಹಾಗೆಯೇ ಜೋಡಿಸಿಟ್ಟರೆ, ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಕ್ರಮಿಸುವ ದೂರ ಬೇರೆಯಾಗುವುದರಿಂದ ಯಂತ್ರಕ್ಕೆ ಎಳೆತ ಬೀಳುತ್ತದೆ. ನಾಲ್ಕು ಚಕ್ರದ ಬಲ ಹತ್ತಲು ನೆರವಾಗುತ್ತದೆ, ಬ್ರೇಕು ಹಿಡಿಯಲು ಅಲ್ಲ. 2023ರಿಂದ ಎರಡೇ ಚಕ್ರದ ಬಲವುಳ್ಳ ಥಾರ್ ಕೂಡ ಮಾರಾಟಕ್ಕೆ ಬಂದಿತು. ಹೆಸರು ನೋಡಿ ಮೋಸ ಹೋಗಬಾರದು.

"2006ರ ತಾಪಿ ಪ್ರವಾಹದಂತಹ ಹೊತ್ತಿಗೆ ಇಂಥ ಗಾಡಿ ಬೇಕಲ್ಲವೇ?" ಎಂದು ತಾವು ಕೇಳಬಹುದು. ನಿಂತ ನೀರಿನಲ್ಲಿ 650 ಮಿಲಿಮೀಟರು ಆಳದವರೆಗೆ ಥಾರ್ ಹಾಯಬಲ್ಲುದೆಂದು ಕಂಪನಿಯ ಲೆಕ್ಕ. ಹರಿಯುವ ನೆರೆಗೆ ಯಾವ ಕಾರೂ ಎದೆಯೊಡ್ಡಲಾರದು.

ಆದುದರಿಂದ ಕೊಳ್ಳುವ ಮೊದಲು ಒಂದು ಕಾಗದ ತೆಗೆದುಕೊಳ್ಳಿ. ವರ್ಷದ 365 ದಿನಗಳಲ್ಲಿ ನಮಗೆ ಕೆಸರುದಾರಿ ಸಿಗುವುದು ಎಷ್ಟು ದಿನ, ಪೇಟೆಯಲ್ಲಿ ಹತ್ತಿಪ್ಪತ್ತು ಕಿಲೋಮೀಟರು ಓಡಾಟ ಎಷ್ಟು ದಿನ, ತಿಂಗಳ ಕಂತು ಎಷ್ಟು ಎಂದು ಬರೆಯಿರಿ. ಹೊಲಗದ್ದೆಯ ದಾರಿಯಲ್ಲಿ ದುಡಿಯುವವನಿಗೆ ನಾಲ್ಕು ಚಕ್ರದ ಬಲ ಅಗತ್ಯ. ಪಾಳಿಗೆ ಹೋಗಿ ಬರುವವನಿಗೆ ರೇವಾ ತೋರಿಸಿದ ಸಣ್ಣ ಗಾಡಿಯ ದಾರಿಯೇ ಮೇಲು. ಇಂದಿನ ಲಿಥಿಯಂ ಬ್ಯಾಟರಿಗಳು ಆ ದಾರಿಯನ್ನು ಇನ್ನಷ್ಟು ಉದ್ದವಾಗಿಸಿವೆ. ಊರ ಜಾತ್ರೆಯಲ್ಲಿ ನಾಲ್ಕು ಜನ ನೋಡಲೆಂದು ಐದು ವರ್ಷ ಕಂತು ಕಟ್ಟುವುದು, ಮಕ್ಕಳ ಓದಿನ ಹಣವನ್ನು ರಸ್ತೆಗೆ ಸುರಿದಂತೆ.