ನಾಲ್ಕು ಪೆನ್ನಿಯ ಹಾಸಿಗೆ



ಲಂಡನ್ ನಗರದಲ್ಲಿ ಥೇಮ್ಸ್ ನದಿಯ ದಡದ ಮೇಲೆ ಲ್ಯಾಂಬೆತ್ ಎಂಬ ಭಾಗವಿದೆ. 2015ನೆಯ ಇಸವಿ ನವೆಂಬರ್ 14ರಂದು ಅಲ್ಲಿ ಅಣ್ಣ ಬಸವಣ್ಣನವರ ಪ್ರತಿಮೆಯನ್ನು ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಅನಾವರಣ ಮಾಡಿದರು. ಅದಕ್ಕಾಗಿ ದುಡಿದವರು ಕಲಬುರ್ಗಿ ಸೀಮೆಯಿಂದ ಹೋಗಿ ಲ್ಯಾಂಬೆತ್ತಿನ ಮೇಯರ್ ಆಗಿದ್ದ ಡಾಕ್ಟರ್ ನೀರಜ್ ಪಾಟೀಲರು. ಆ ಸುದ್ದಿ ಕೇಳಿ ನಮಗೆಲ್ಲ ಹೆಮ್ಮೆಯಾಯಿತು. ಆಗುವುದು ಸಹಜ. ಆದರೆ ಅದೇ ಲ್ಯಾಂಬೆತ್ತಿನ ಹೆಸರು ಹಿಂದೊಮ್ಮೆ ಇನ್ನೊಂದು ಕಡೆ ಅಚ್ಚಾಗಿತ್ತು. ಕೊಲೆಯಾಗಿ ಬೀದಿಯಲ್ಲಿ ಬಿದ್ದಿದ್ದ ಒಬ್ಬ ಬಡ ಹೆಣ್ಣುಮಗಳ ಒಳಲಂಗದ ಮೇಲೆ ಆ ಹೆಸರಿತ್ತು. ಇಂದು ಆ ತಾಯಿಯ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಆಕೆಯ ಹೆಸರು ಮೇರಿ ಆನ್ ನಿಕೋಲ್ಸ್. 1845ರಲ್ಲಿ ಲಂಡನ್ನಿನಲ್ಲಿಯೇ ಹುಟ್ಟಿದವಳು. ಗಂಡ ಅಚ್ಚುಕೂಟದಲ್ಲಿ ಕೆಲಸ ಮಾಡುವವನು. ಐದು ಮಕ್ಕಳ ತಾಯಿ. ಸಂಸಾರ ಮುರಿಯಿತು. ತಪ್ಪು ಯಾರದೆಂದು ಕೇಳಿದರೆ ಹುಟ್ಟಿದ ಮನೆಯವರು ಒಂದು ಹೇಳಿದರು, ಗಂಡ ಇನ್ನೊಂದು ಹೇಳಿದ. ಆಕೆ ಕುಡಿಯುತ್ತಿದ್ದಳು, ಇದನ್ನು ಮುಚ್ಚಿಡುವುದು ಬೇಡ. ಗಂಡ ಕೆಲವು ಕಾಲ ಜೀವನಕ್ಕೆ ಹಣ ಕೊಟ್ಟ, ಆಮೇಲೆ ನಿಲ್ಲಿಸಿದ. ನೆಲೆಯಿಲ್ಲದ ಹೆಣ್ಣು ಲ್ಯಾಂಬೆತ್ತಿನ ವರ್ಕ್‌ಹೌಸ್ ಸೇರಿದಳು.

ವರ್ಕ್‌ಹೌಸ್ ಎಂದರೆ ಏನೂ ಇಲ್ಲದವರಿಗೆಂದು ಆ ದೇಶದವರು ಕಟ್ಟಿದ್ದ ಮನೆ. ಅಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಮಕ್ಕಳು ಮತ್ತೊಂದು ಕಡೆ. ಕಲ್ಲು ಒಡೆಯಬೇಕು, ಹಳೆಯ ಹಗ್ಗದ ನಾರು ಬಿಡಿಸಬೇಕು, ಆಮೇಲೆ ಊಟ. ಕಷ್ಟ ಕೊಟ್ಟರೆ ಮಾತ್ರ ಬಡವರು ಸೋಮಾರಿಗಳಾಗುವುದಿಲ್ಲ ಎಂಬುದು ಅದನ್ನು ನಡೆಸುವವರ ತಿಳಿವಳಿಕೆ. ಅನ್ನವೇನೋ ಹಾಕುತ್ತಿದ್ದರು. ಅದರ ಜೊತೆಗೆ ಅವಮಾನವನ್ನೂ ಬಡಿಸುತ್ತಿದ್ದರು. ನಮ್ಮ ಹಿರಿಯರು ದಾಸೋಹ ಎಂಬ ಮಾತನ್ನು ಏಕೆ ಆರಿಸಿಕೊಂಡರು ಎಂಬುದು ಇಲ್ಲಿ ತಿಳಿಯುತ್ತದೆ. ದಾಸೋಹದಲ್ಲಿ ನೀಡುವವನು ದಾಸ. ಉಣ್ಣುವವನು ಕೈಚಾಚಿದವನಲ್ಲ.

1888ರ ಮೇ ತಿಂಗಳಲ್ಲಿ ಆಕೆ ಆ ಮನೆಯಿಂದ ಹೊರಬಂದು ಒಂದು ಕುಟುಂಬದಲ್ಲಿ ಮನೆಗೆಲಸಕ್ಕೆ ಸೇರಿದಳು. ಒಳ್ಳೆಯ ಜನ, ದೈವಭಕ್ತರು, ಕುಡಿಯದವರು ಎಂದು ತಂದೆಗೆ ಕಾಗದ ಬರೆದಳು. ಬದುಕು ಸುಧಾರಿಸಬಹುದೆಂಬ ಆಸೆ ಇತ್ತು. ಹೆಚ್ಚು ಕಾಲ ನಿಲ್ಲಲಿಲ್ಲ. ಒಂದಿಷ್ಟು ಬಟ್ಟೆ ಕದ್ದುಕೊಂಡು ಹೊರಟುಹೋದಳು. ಹೋಗಿ ಸೇರಿದ್ದು ವೈಟ್‌ಚಾಪೆಲ್ ಎಂಬ ಬಡವರ ಕೇರಿಯನ್ನು. ದಿನಗೂಲಿಯವರು, ಹೊಲಿಗೆಯವರು, ರಷ್ಯಾದ ಕಡೆಯಿಂದ ಓಡಿಬಂದ ಯಹೂದ್ಯರು ಅಲ್ಲಿ ಕಿಕ್ಕಿರಿದಿದ್ದರು. ಚಾರ್ಲ್ಸ್ ಬೂತ್ ಎಂಬ ಮಹನೀಯರು ಮರುವರ್ಷ ಪ್ರಕಟಿಸಿದ ಲೆಕ್ಕದಂತೆ ಲಂಡನ್ನಿನ ಆ ಪೂರ್ವಭಾಗದಲ್ಲಿ ನೂರಕ್ಕೆ 35 ಜನ ಬಡತನದಲ್ಲಿದ್ದರು. ಮನೆಯಿಲ್ಲದವರಿಗೆ ರಾತ್ರಿಯ ಬಾಡಿಗೆಯ ಹಾಸಿಗೆ. ಒಂದು ರಾತ್ರಿಗೆ ನಾಲ್ಕು ಪೆನ್ನಿ. ಆಗ ಒಂದು ಪೌಂಡಿಗೆ 240 ಪೆನ್ನಿ. ಅಂದರೆ ಪೌಂಡಿನ ಅರವತ್ತನೆಯ ಒಂದು ಪಾಲು.

ಆಗಸ್ಟ್ 30 ಕಳೆದು 31 ಹುಟ್ಟಿದ ನಡುರಾತ್ರಿ. ಆಕೆ ಆ ವಸತಿಮನೆಯ ಅಡಿಗೆಕೋಣೆಯಲ್ಲಿ ಕುಳಿತಿದ್ದಳು. ಕೈಯಲ್ಲಿ ನಾಲ್ಕು ಪೆನ್ನಿ ಇರಲಿಲ್ಲ. ನಡೆಸುವವನು ಹೊರಗೆ ಕಳಿಸಿದ. ಆಕೆ ನಕ್ಕು, ಹಾಸಿಗೆ ನನಗೇ ಇಟ್ಟಿರಿ, ಕಾಸು ತರುತ್ತೇನೆ ಎಂದು ತಲೆಯ ಮೇಲಿನ ಹೊಸ ಟೋಪಿಯನ್ನು ತೋರಿಸಿ ಹೋದಳು. ಎರಡೂವರೆಯ ಹೊತ್ತಿಗೆ ಗೆಳತಿಯೊಬ್ಬಳು ಎದುರಾದಳು. ಬಾ, ಜೊತೆಗೆ ಹೋಗೋಣ ಎಂದಳು. ಇಂದು ಮೂರು ಸಲ ಹಾಸಿಗೆಯ ಕಾಸು ಸಿಕ್ಕಿತ್ತು, ಮೂರು ಸಲವೂ ಖರ್ಚಾಯಿತು ಎಂದು ಹೇಳಿ ಆಕೆ ತೂರಾಡುತ್ತ ನಡೆದಳು. ಮೂರೂ ಮುಕ್ಕಾಲಿಗೆ ಸ್ವಲ್ಪ ಮುಂಚೆ ಬಕ್ಸ್ ರೋ ಎಂಬ ಓಣಿಯಲ್ಲಿ, ಕೆಲಸಕ್ಕೆ ಹೊರಟಿದ್ದ ಇಬ್ಬರು ಗಾಡಿಯವರು ಆಕೆ ಬಿದ್ದಿರುವುದನ್ನು ಕಂಡರು. ಸತ್ತಿದ್ದಾಳೋ ಕುಡಿದು ಬಿದ್ದಿದ್ದಾಳೋ ತಿಳಿಯಲಿಲ್ಲ. ಒಬ್ಬನು ಆಕೆಯ ಬಟ್ಟೆಯನ್ನು ಕಾಲಿನ ಮೇಲೆ ಎಳೆದ. ಕೆಲಸಕ್ಕೆ ಹೊತ್ತಾಗಿತ್ತು. ದಾರಿಯಲ್ಲಿ ಪೋಲೀಸಿನವನಿಗೆ ಹೇಳಿದರಾಯಿತೆಂದು ಮುಂದೆ ನಡೆದರು. ಪಕ್ಕದ ಮನೆಯವರಿಗೆ ಒಂದು ಕೂಗೂ ಕೇಳಿರಲಿಲ್ಲ.

ಆಕೆಯ ಹತ್ತಿರ ಸಿಕ್ಕಿದ್ದು ಒಂದು ಬಾಚಣಿಗೆ, ಒಂದು ಕರವಸ್ತ್ರ, ಒಡೆದ ಕನ್ನಡಿಯ ಒಂದು ಚೂರು. ಒಳಲಂಗದ ಮೇಲಿನ ಲ್ಯಾಂಬೆತ್ ವರ್ಕ್‌ಹೌಸಿನ ಮುದ್ರೆಯಿಂದ ಗುರುತು ಸಿಕ್ಕಿತು. ನೋಡಿರಿ, ಬದುಕಿದ್ದಾಗ ಆಕೆ ಯಾರೆಂದು ಕೇಳುವವರಿರಲಿಲ್ಲ. ಸತ್ತ ಮೇಲೆ ಧರ್ಮದ ಬಟ್ಟೆ ಹೇಳಿತು.

ಕೊಂದವನು ಸಿಕ್ಕಲಿಲ್ಲ. ನವೆಂಬರ್ ತಿಂಗಳೊಳಗೆ ಅದೇ ರೀತಿ ಇನ್ನೂ ನಾಲ್ವರು ಹೆಣ್ಣುಮಕ್ಕಳ ಕೊಲೆಯಾಯಿತು. ಈವರೆಗೂ ಅವನು ಯಾರೆಂಬುದು ನಿಶ್ಚಯವಾಗಿಲ್ಲ. ಆದರೆ ಲೋಕ ಅವನಿಗೆ ಒಂದು ಅಡ್ಡಹೆಸರು ಕೊಟ್ಟಿತು. ಅವನು ಇವನಿರಬಹುದು, ಅವನಿರಬಹುದು ಎಂದು ಪುಸ್ತಕಗಳ ಮೇಲೆ ಪುಸ್ತಕ ಬಂದವು. ಪ್ರವಾಸಿಗಳನ್ನು ಕರೆದೊಯ್ದು ಆ ಓಣಿಗಳನ್ನು ತೋರಿಸಿ ಹಣ ಗಳಿಸುವವರಿದ್ದಾರೆ. ಬಸವಣ್ಣನವರ ಪ್ರತಿಮೆ ನಿಂತ 2015ರಲ್ಲಿಯೇ ಆ ಕೊಲೆಗಾರನ ಹೆಸರಿನಲ್ಲಿ ಲಂಡನ್ನಿನಲ್ಲಿ ಒಂದು ವಸ್ತುಸಂಗ್ರಹಾಲಯವೂ ತೆರೆಯಿತು. ಜನ ಅದರ ಮುಂದೆ ನಿಂತು ಪ್ರತಿಭಟಿಸಿದರು. ಸತ್ತ ಐವರ ಬಾಳನ್ನೇ ಮುಂದಿಟ್ಟುಕೊಂಡು ಹ್ಯಾಲಿ ರೂಬೆನ್‌ಹೋಲ್ಡ್ ಎಂಬ ಇತಿಹಾಸಕಾರ್ತಿ ಪುಸ್ತಕ ಬರೆದದ್ದು 2019ರಲ್ಲಿ, ಕೊಲೆಯಾಗಿ 131 ವರ್ಷದ ಮೇಲೆ. ಅವರೆಲ್ಲ ಮೈಮಾರುವವರೆಂದು ಲೋಕ ಹೇಳಿದ್ದಕ್ಕೆ ಮೇರಿ ಆನ್ ವಿಷಯದಲ್ಲಿ ಆಧಾರವಿಲ್ಲ ಎಂದು ಆಕೆ ವಾದಿಸಿದ್ದಾರೆ.

ನಾವು ಕೇಳುತ್ತೇವೆ: ಒಂದು ವೇಳೆ ಹಾಗೆಯೇ ಆಗಿದ್ದರೂ ಏನಾಯಿತು? ನಮ್ಮ ಶರಣೆಯರ ಸಾಲಿನಲ್ಲಿ ಸೂಳೆ ಸಂಕವ್ವೆ ಎಂಬ ತಾಯಿ ಇದ್ದಾಳೆ. ಆಕೆಯ ವಚನವನ್ನು ನಮ್ಮ ಹಿರಿಯರು ಉಳಿಸಿದರು. ಆ ಹೆಸರಿನಿಂದ ನಾಚಲಿಲ್ಲ. ಯಾವ ಹೆಣ್ಣಿನ ಪ್ರಾಣಕ್ಕೂ ನಡತೆಯ ಪ್ರಮಾಣಪತ್ರ ಬೇಕಿಲ್ಲ.

ಒಂದು ಮಾತು ಸ್ಪಷ್ಟವಾಗಲಿ. ಕೊಂದವನ ಪಾಪ ಕೊಂದವನದೇ. ಅದನ್ನು ಊರಿಗೆಲ್ಲ ಹಂಚಿ ಅವನ ಭಾರ ಇಳಿಸಬಾರದು. ಆದರೆ ಕೊಂದವನಾರು ಎಂಬುದು ಪೋಲೀಸರು ಬಿಡಿಸಬೇಕಾದ ಪ್ರಶ್ನೆ. ಆ ಹೊತ್ತಿನಲ್ಲಿ ಆಕೆ ಬೀದಿಯಲ್ಲಿ ಏಕಿದ್ದಳು ಎಂಬುದು ಧರ್ಮದ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕಿದೆ. ನಾಲ್ಕು ಪೆನ್ನಿ ಇರಲಿಲ್ಲ.

ಪರದೇಶದವರ ಕಥೆ ಹೇಳಿ ನಾವು ತಪ್ಪಿಸಿಕೊಳ್ಳುವಂತಿಲ್ಲ. ನಾವು ಆಗ ಮರಿದೇವರಾಗಿ ಓದುತ್ತಿದ್ದೆವು. ಮಳೆಗಾಲದ ಒಂದು ರಾತ್ರಿ, ಪ್ರಸಾದ ಮುಗಿದು ಬಾಗಿಲು ಹಾಕಿದ ಮೇಲೆ, ಒಬ್ಬ ಹೆಣ್ಣುಮಗಳು ಮಠದ ಕದ ತಟ್ಟಿದಳು. ಬಾಯಿಂದ ಸೆರೆಯ ವಾಸನೆ ಬರುತ್ತಿದೆ, ಒಳಗೆ ಬಿಟ್ಟರೆ ಜನ ಏನೆಂದಾರು ಎಂದು ಬಾಗಿಲಿನವನು ಯೋಚಿಸಿ, ಬೆಳಿಗ್ಗೆ ಬಾರವ್ವ ಎಂದು ಕಳಿಸಿದ. ನಾವು ಮಾಳಿಗೆಯ ಮೇಲೆ ದೀಪದ ಮುಂದೆ ಕುಳಿತಿದ್ದೆವು. ಎಲ್ಲ ಕೇಳಿಸಿತು. ಎದ್ದು ಹೋಗಲಿಲ್ಲ, ಪುಟ ತಿರುವಿದೆವು. ಬೆಳಗಾದಾಗ ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಆಕೆ ಎಲ್ಲಿ ಹೋದಳೋ, ಏನಾದಳೋ, ನಮಗೆ ತಿಳಿಯಲಿಲ್ಲ. ಬಾಗಿಲಿನವನನ್ನು ನಾವು ದೂರುವುದಿಲ್ಲ. ಕೇಳಿಯೂ ಕುಳಿತದ್ದು ನಾವು. ಅಂದು ಓದುತ್ತಿದ್ದ ಪುಸ್ತಕ ಯಾವುದೆಂಬುದು ಇಂದು ನೆನಪಿಲ್ಲ. ಆ ಕದ ತಟ್ಟಿದ ಸಪ್ಪಳ ನೆನಪಿದೆ.

ನಮ್ಮ ಊರುಗಳಲ್ಲಿಯೂ ಯಾವಳೋ ಒಬ್ಬಳ ಹೆಣ ಸಿಕ್ಕಿತೆಂಬ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಆ ಹೊತ್ತಿನಲ್ಲಿ ಅಲ್ಲಿಗೆ ಏಕೆ ಹೋಗಿದ್ದಳೋ ಎಂದು ನಾವು ಮೂಗು ಮುರಿಯುತ್ತೇವೆ. ಅದೇ ಪ್ರಶ್ನೆಯನ್ನು ಮರುಕದಿಂದ ಕೇಳಿದರೆ ಉತ್ತರ ನಮ್ಮ ಕದದ ಹತ್ತಿರವೇ ಬಂದು ನಿಲ್ಲುತ್ತದೆ. ಆದುದರಿಂದ ಭಕ್ತರಿಗೆ ನಮ್ಮ ಮಾತು ಇಷ್ಟೇ. ನಿಮ್ಮ ಓಣಿಯಲ್ಲಿ ರಾತ್ರಿ ನೆಲೆಯಿಲ್ಲದ ಹೆಣ್ಣುಮಗಳಿದ್ದರೆ ಮೊದಲು ಒಳಗೆ ಕರೆಯಿರಿ. ಕುಡಿದಿದ್ದಾಳೆಯೇ, ಕದ್ದಿದ್ದಾಳೆಯೇ, ಯಾರ ಮಗಳು ಎಂಬ ವಿಚಾರಣೆ ಬೆಳಗಿನ ಮೇಲಿರಲಿ. ನಿಮ್ಮ ಮನೆಯಲ್ಲಿ ಜಾಗವಿಲ್ಲದಿದ್ದರೆ ಮಠಕ್ಕೆ ಕರೆತನ್ನಿ. ಈಗ ನಮ್ಮ ಬಾಗಿಲಿಗೆ ಹೊತ್ತು ಮೀರಿತೆಂಬ ಮಾತಿಲ್ಲ.

ಲ್ಯಾಂಬೆತ್ತಿನಲ್ಲಿ ಅಣ್ಣನವರ ಪ್ರತಿಮೆ ನಿಂತದ್ದು ಸಂತೋಷ. ಅಲ್ಲಿಯೂ ಇಲ್ಲಿಯೂ ಒಬ್ಬ ತಾಯಿಗೆ ಒಂದು ರಾತ್ರಿಯ ಹಾಸಿಗೆ ಸಿಕ್ಕರೆ ಅಣ್ಣನವರು ನಿಜವಾಗಿ ಅಲ್ಲಿ ನಿಂತಂತೆ.